ತಂಡ ಬರಲು ಅಷ್ಟು ಹೊತ್ತು ಯಾಕೆ ಬೇಕಾಯಿತು?

ಪ್ರಶ್ನೆ: ಹೋದ ತಿಂಗಳು ನಾವು ಐದು ಜನ ಬೆಟ್ಟ ಹತ್ತಲು ಹೋಗಿದ್ದೆವು. ಇಳಿಯುವಾಗ ಮಧ್ಯಾಹ್ನ 3.30ರ ಸುಮಾರಿಗೆ ನಮ್ಮಣ್ಣ ಒದ್ದೆ ಬಂಡೆಯ ಮೇಲೆ ಜಾರಿ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ನಮ್ಮಲ್ಲೊಬ್ಬ ಕೆಳಗೆ ಓಡಿ, ಸಿಗ್ನಲ್ ಸಿಕ್ಕ ಕಡೆಯಿಂದ 4.45ಕ್ಕೆ ತುರ್ತು ನಂಬರಿಗೆ ಫೋನ್ ಮಾಡಿದ. ‘ದಾರಿಯಲ್ಲಿ ದೊಡ್ಡ ಬಂಡೆ ಸಿಗುತ್ತದೆ, ಅಲ್ಲೇ ಇದ್ದೇವೆ’ ಎಂದು ಹೇಳಿ ವಾಪಸ್ ಹತ್ತಿ ಬಂದ. ರಸ್ತೆಯಿಂದ ನಾವಿದ್ದ ಜಾಗಕ್ಕೆ 6 ಕಿಲೋಮೀಟರ್, ಏರು ಸುಮಾರು 600 ಮೀಟರ್. ಸ್ವಯಂಸೇವಕರ ರೆಸ್ಕ್ಯೂ ತಂಡ ನಮ್ಮನ್ನು ಮುಟ್ಟಿದ್ದು ರಾತ್ರಿ 8.45ಕ್ಕೆ. ಬಂದ ಮೇಲೂ ಒಂದು ಗಂಟೆ ಅಲ್ಲೇ ಕಳೆದರು. ಕೆಲವರು ಸುಮ್ನೆ ಕುಳಿತಿದ್ದರು, ಒಬ್ಬರಂತೂ ಕೈಕಟ್ಟಿ ನಿಂತಿದ್ದರು. ರಸ್ತೆ ಸೇರಿದಾಗ ಬೆಳಗಿನ ಜಾವ 2.30. ಕೆಳಗೆ ಆಕಾಶ ಶುಭ್ರವಾಗಿತ್ತಂತೆ, ಆದರೂ ಹೆಲಿಕಾಪ್ಟರ್ ಬರಲಿಲ್ಲ. ಕಾಯುವಾಗ ಅಣ್ಣನಿಗೆ ವಿಪರೀತ ನಡುಕ. ಎರಡು ಗುಟುಕು ಬ್ರಾಂಡಿ ಕುಡಿಸಿ, ಕೈಕಾಲು ಉಜ್ಜಿದೆವು. 8 ಗಂಟೆ ಹೊತ್ತಿಗೆ ನಡುಕ ನಿಂತಿತು, ಸುಧಾರಿಸಿದ ಅಂದುಕೊಂಡೆವು. ಆದರೆ ಅದನ್ನು ಕೇಳಿದ ತಕ್ಷಣ ತಂಡದವರು ಗಾಬರಿಯಾದರು. ಕಾಲಿಗೆ ಆಪರೇಷನ್ ಆಗಿದೆ, ಈಗ ಮನೆಯಲ್ಲಿದ್ದಾನೆ. ಸಂಬಳದ ತಂಡವಾಗಿದ್ದರೆ ಬೇಗ ಬರುತ್ತಿತ್ತೇ? ನಾವೇ ಹೊತ್ತು ತಂದಿದ್ದರೆ ಒಳ್ಳೆಯದಿತ್ತೇ? ನಮ್ಮಿಂದ ಏನಾದರೂ ತಪ್ಪಾಯಿತೇ? ಅಣ್ಣ ಮತ್ತೆ ಬೆಟ್ಟಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾನೆ.

ಉತ್ತರ: ಮೊದಲಿಗೆ, ನಿಮ್ಮ ಅಣ್ಣ ಮನೆಯಲ್ಲಿದ್ದಾರೆ ಎಂದು ಓದಿ ಸಮಾಧಾನವಾಯಿತು. ನಿಮ್ಮ ಪತ್ರದಲ್ಲಿ ಕೋಪವೂ ಇದೆ, ಅದರ ಹಿಂದೆ ‘ನಮ್ಮಿಂದಲೇ ಏನೋ ತಪ್ಪಾಯಿತಾ’ ಎಂಬ ಅಳುಕೂ ಇದೆ. ಎರಡೂ ಸಹಜ. ಸ್ವಯಂಸೇವಕ ತಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಗಾಯಾಳುವಿನ ಪಕ್ಕ ಕುಳಿತು ಕಾಯುವವರಿಗೆ ಹೊತ್ತು ಹೋಗುವುದೇ ಇಲ್ಲ. ಅತ್ತ ಕಡೆ ಏನು ನಡೆಯುತ್ತಿದೆ ಎಂದು ಅವರಿಗೆ ಕಾಣುವುದೂ ಇಲ್ಲ. ಆ ಕಾಣದ ಭಾಗವನ್ನು ಮೊದಲು ನೋಡೋಣ.

ನಾಲ್ಕು ಗಂಟೆ ಎಲ್ಲಿ ಹೋಯಿತು?

ನೀವು ಕೊಟ್ಟ ದೂರ, ಏರು ಇಟ್ಟುಕೊಂಡೇ ಲೆಕ್ಕ ಹಾಕೋಣ. 1892ರಲ್ಲಿ ಸ್ಕಾಟ್ಲೆಂಡಿನ ಆರೋಹಿ ವಿಲಿಯಂ ನೈಸ್ಮಿತ್ ಒಂದು ಸೂತ್ರ ಕೊಟ್ಟರು. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆಟ್ಟ ಹತ್ತುವವರು ಇವತ್ತಿಗೂ ಇದನ್ನೇ ಬಳಸುತ್ತಾರೆ. ನಿಮ್ಮ ದಾರಿಗೆ ಹಾಕಿದರೆ ನಡಿಗೆಗೆ 1 ಗಂಟೆ 12 ನಿಮಿಷ, ಏರಿಗೆ 1 ಗಂಟೆ. ಒಟ್ಟು 2 ಗಂಟೆ 12 ನಿಮಿಷ. ಇದು ಹಗಲಲ್ಲಿ, ಒಳ್ಳೆಯ ಹವೆಯಲ್ಲಿ, ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಆಗುವ ಲೆಕ್ಕ. ತಂಡದವರ ಬೆನ್ನ ಮೇಲೆ ಹಗ್ಗ, ಔಷಧಿ ಚೀಲ, ಬಿಡಿಸಿಟ್ಟ ಸ್ಟ್ರೆಚರಿನ ಅರ್ಧ ಭಾಗ ಇರುತ್ತದೆ. ಸಾಲದ್ದಕ್ಕೆ ಕತ್ತಲು.

ಉಳಿದದ್ದು ಸುಮಾರು ಒಂದೂಮುಕ್ಕಾಲು ಗಂಟೆ. ಫೋನ್ ನೇರವಾಗಿ ತಂಡಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ತುರ್ತು ಕೇಂದ್ರಕ್ಕೆ ಹೋಗಿ, ಅಲ್ಲಿಂದ ಪೊಲೀಸರಿಗೋ ಬೇರೆ ಅಧಿಕಾರಿಗಳಿಗೋ ಹೋಗಿ, ಅವರು ತಂಡದ ಮುಖ್ಯಸ್ಥರನ್ನು ಕರೆಯುತ್ತಾರೆ. ಮುಖ್ಯಸ್ಥರು ಎಲ್ಲರಿಗೂ ಮೆಸೇಜ್ ಕಳಿಸುತ್ತಾರೆ. ಆಗ ಒಬ್ಬರು ಕ್ಲಾಸಿನಲ್ಲಿ ಪಾಠ ಮಾಡುತ್ತಿರಬಹುದು, ಒಬ್ಬರು ಅಂಗಡಿಯಲ್ಲಿರಬಹುದು, ಇನ್ನೊಬ್ಬರು ಮಗುವನ್ನು ಶಾಲೆಯಿಂದ ಕರೆತರುತ್ತಿರಬಹುದು. ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬೂಟು ಹಾಕಿಕೊಂಡು ಬರಬೇಕು. ಒಳ್ಳೆಯ ತಂಡ ಎಲ್ಲರಿಗಾಗಿ ಕಾಯುತ್ತಾ ಕೂರುವುದಿಲ್ಲ. ಮೊದಲು ಬಂದ ಮೂರು ನಾಲ್ಕು ಜನ ಔಷಧಿ, ಬೆಚ್ಚನೆಯ ಹೊದಿಕೆ ಹಿಡಿದು ಮುಂದೆ ಹೊರಡುತ್ತಾರೆ. ಸ್ಟ್ರೆಚರ್, ಹಗ್ಗ ಹೊತ್ತವರು ಹಿಂದಿನಿಂದ ಬರುತ್ತಾರೆ.

ಇನ್ನೊಂದು ಮಾತನ್ನು ಮೆತ್ತಗೆ ಹೇಳುತ್ತೇನೆ, ನಿಮ್ಮ ಗೆಳೆಯನ ಮೇಲೆ ತಪ್ಪು ಹೊರಿಸಲು ಅಲ್ಲ. ಅವನು ಅಷ್ಟು ದೂರ ಓಡಿ ಫೋನ್ ಮಾಡದಿದ್ದರೆ ತಂಡ ಬರುತ್ತಲೇ ಇರಲಿಲ್ಲ. ಆದರೆ ಫೋನ್ ಮಾಡಿದ ಮೇಲೆ ಅವನು ಸಿಗ್ನಲ್ ಇಲ್ಲದ ಕಡೆಗೆ ವಾಪಸ್ ಬಂದ. ಮುಖ್ಯಸ್ಥರು ತಿರುಗಿ ಫೋನ್ ಮಾಡಿದಾಗ ಅವನು ಸಿಕ್ಕಿರುವುದಿಲ್ಲ. ಆ ಒಂದು ಫೋನಿನಲ್ಲಿ ನಾವು ಕೇಳುವುದು ಬಹಳ ಇರುತ್ತದೆ. ರಕ್ತ ಸೋರುತ್ತಿದೆಯೇ? ಪ್ರಜ್ಞೆ ಇದೆಯೇ? ತಲೆಗೆ ಪೆಟ್ಟಾಗಿದೆಯೇ? ಎಷ್ಟು ಜನ ಇದ್ದೀರಿ, ಉಳಿದವರು ಹೇಗಿದ್ದಾರೆ? ಈಗ ಅನೇಕ ತಂಡಗಳು ಫೋನಿಗೆ ಒಂದು ಲಿಂಕ್ ಕಳಿಸುತ್ತವೆ. ಅದನ್ನು ಒತ್ತಿದರೆ ಜಾಗ ನಮ್ಮ ನಕಾಶೆಯ ಮೇಲೆ ಬೀಳುತ್ತದೆ. ಅದೂ ಆಗಲಿಲ್ಲ. ಕೈಯಲ್ಲಿ ಉಳಿದದ್ದು ‘ದೊಡ್ಡ ಬಂಡೆ’ ಮಾತ್ರ. ಬೆಟ್ಟದಲ್ಲಿ ದೊಡ್ಡ ಬಂಡೆಗಳಿಗೇನು ಬರ, ಅಲ್ವಾ? ಕತ್ತಲಲ್ಲಿ ಪ್ರತಿಯೊಂದರ ಹತ್ತಿರವೂ ಹೋಗಿ ಕೂಗಿ, ನಿಂತು ಕೇಳಿಸಿಕೊಂಡು, ಮುಂದೆ ಹೋಗಬೇಕು.

ಫೋನ್ ಮಾಡಿದವರು ಸಿಗ್ನಲ್ ಇರುವ ಜಾಗದಲ್ಲೇ ನಿಲ್ಲಬೇಕು. ಇದೊಂದು ಗೊತ್ತಿದ್ದರೆ ಎಷ್ಟೋ ಸಲ ಅರ್ಧ ಗಂಟೆ, ಒಂದು ಗಂಟೆ ಉಳಿಯುತ್ತದೆ. ಜೊತೆಗೆ ಇನ್ನೊಂದು ತಪ್ಪು ನಂಬಿಕೆ ಇದೆ, ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೂಡ ಇಲ್ಲ ಅಂತ. ಹಾಗಲ್ಲ. ಜಿಪಿಎಸ್ ಉಪಗ್ರಹದಿಂದ ಬರುತ್ತದೆ, ಫೋನ್ ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಬಯಲಿನಲ್ಲಿ ಒಂದೆರಡು ನಿಮಿಷ ಹಿಡಿದರೆ ಅಕ್ಷಾಂಶ ರೇಖಾಂಶ ತೋರಿಸುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಗೆಳೆಯನ ಕೈಗೆ ಕೊಟ್ಟಿದ್ದರೆ, ಮೊದಲ ಫೋನಿನಲ್ಲೇ ನೀವು ಎಲ್ಲಿದ್ದೀರಿ ಎಂದು ತಂಡಕ್ಕೆ ಗೊತ್ತಾಗುತ್ತಿತ್ತು.

ಹೆಲಿಕಾಪ್ಟರ್ ಯಾಕೆ ಬರಲಿಲ್ಲ?

ಇದನ್ನು ಕೇಳದವರಿಲ್ಲ. ‘ಎವರೆಸ್ಟ್ ಮೇಲೇ ಇಳಿದಿದೆಯಂತೆ, ಇಲ್ಲಿಗೇನು ಕಷ್ಟ’ ಅನ್ನುತ್ತಾರೆ. ಇಳಿದದ್ದು ನಿಜ. 2005ರ ಮೇ ತಿಂಗಳಲ್ಲಿ ಫ್ರೆಂಚ್ ಪೈಲಟ್ ದಿದಿಯೆ ದೆಲ್ಸಾಲ್ ಎವರೆಸ್ಟ್ ತುದಿಯಲ್ಲಿ ಹೆಲಿಕಾಪ್ಟರ್ ತಾಗಿಸಿ ನಿಲ್ಲಿಸಿದರು. ಅವರು ಒಬ್ಬರೇ ಇದ್ದರು. ಭಾರ ಇಳಿಸಲು ಹೆಲಿಕಾಪ್ಟರಿನಿಂದ ಬೇಡದ ಭಾಗಗಳನ್ನು ಬಿಚ್ಚಿದ್ದರು. ಒಳ್ಳೆಯ ಹವೆಗಾಗಿ ಕಾದು ಹಾರಿದ್ದರು. ಗಾಯಾಳುವನ್ನು ತರುವ ಹೆಲಿಕಾಪ್ಟರಿನಲ್ಲಿ ಪೈಲಟ್ ಜೊತೆ ವಿಂಚ್ (ಹಗ್ಗ ಇಳಿಸಿ ಎತ್ತುವ ಯಂತ್ರ) ನಡೆಸುವವರು, ಹಗ್ಗದಲ್ಲಿ ಇಳಿಯುವವರು ಇರುತ್ತಾರೆ, ಕೊನೆಗೆ ಗಾಯಾಳುವಿನ ಭಾರವೂ ಸೇರುತ್ತದೆ. ಬೆಟ್ಟ ನಮ್ಮ ಅನುಕೂಲಕ್ಕೆ ತಕ್ಕ ಹವೆಯನ್ನೂ ಕೊಡುವುದಿಲ್ಲ.

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಬಿಸಿಲು ಜಾಸ್ತಿಯಾದರೂ ಅಷ್ಟೆ. ತೆಳು ಗಾಳಿಯಲ್ಲಿ ರೆಕ್ಕೆಗಳಿಗೆ ಎತ್ತುವ ಶಕ್ತಿ ಕಡಿಮೆ. ಒಂದೇ ಕಡೆ ಗಾಳಿಯಲ್ಲಿ ನಿಂತಿರಲು ಮುಂದೆ ಹಾರುವುದಕ್ಕಿಂತ ಹೆಚ್ಚು ಶಕ್ತಿ ಬೇಕು. ಇನ್ನು ಮೋಡ. ಕೆಳಗಿನ ಊರಿನಲ್ಲಿ ನಕ್ಷತ್ರ ಕಾಣುತ್ತಿದ್ದರೂ ಬೆಟ್ಟದ ಸಾಲಿಗೆ ಮೋಡ ಅಂಟಿಕೊಂಡಿರಬಹುದು. ಒದ್ದೆ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಅಲ್ಲೇ ಮೋಡವಾಗುತ್ತದೆ. ಬಂಡೆ ಒದ್ದೆ ಇತ್ತು ಎಂದು ನೀವೇ ಬರೆದಿದ್ದೀರಿ. ಮೋಡದೊಳಗೆ ಬಂಡೆ ಕಾಣದೆ ಪೈಲಟ್ ಹತ್ತಿರ ಬರುವಂತಿಲ್ಲ. ಕತ್ತಲಲ್ಲಿ ಹಾರುವ ಸಲಕರಣೆ, ತರಬೇತಿ ಎಲ್ಲ ಕಡೆ ಇರುವುದೂ ಇಲ್ಲ.

1956ರ ಡಿಸೆಂಬರಿನಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬೆಟ್ಟದ ಮೇಲೆ ಇಬ್ಬರು ಯುವ ಆರೋಹಿಗಳು ಚಳಿಯಲ್ಲಿ ಸಿಕ್ಕಿಹಾಕಿಕೊಂಡರು. ಅವರನ್ನು ತರಲು ಹೋದ ಹೆಲಿಕಾಪ್ಟರ್ ಹಿಮದ ಮೇಲೆ ಬಿತ್ತು. ಆಮೇಲೆ ಹೆಲಿಕಾಪ್ಟರಿನಲ್ಲಿ ಬಂದವರನ್ನೇ ಉಳಿಸುವ ಕೆಲಸವೂ ಸೇರಿಕೊಂಡಿತು. ಆ ಇಬ್ಬರು ಯುವಕರು ಬದುಕಲಿಲ್ಲ. ಹೆಲಿಕಾಪ್ಟರ್ ಬೇಡ ಎಂದು ಇದನ್ನು ಹೇಳುತ್ತಿಲ್ಲ. ಅದು ಬಂದರೆ ಐದು ಗಂಟೆಯ ಹೊರುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನಮಗಿಂತ ಸಂತೋಷಪಡುವವರು ಯಾರಿದ್ದಾರೆ? ಆದರೆ ಪೈಲಟ್ ‘ಆಗುವುದಿಲ್ಲ’ ಅಂದರೆ ಯಾವ ತಂಡವೂ ಒತ್ತಾಯ ಮಾಡುವುದಿಲ್ಲ. ಹಾಗಾಗಿಯೇ ನಡೆದು ಹೋಗುವವರು ಹೆಲಿಕಾಪ್ಟರ್ ಬರುವುದಿಲ್ಲ ಎಂದುಕೊಂಡೇ ಹೊರಡುತ್ತಾರೆ.

ಬಂದ ಮೇಲೂ ಒಂದು ಗಂಟೆ

ನಿಮಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲಿ ಅನಿಸುತ್ತದೆ. ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ಅತ್ಯಂತ ಬೆಲೆಯುಳ್ಳ ಗಂಟೆ ಅದೇ.

ಮೊದಲು ಉಸಿರು, ರಕ್ತಸ್ರಾವ, ತಲೆ, ಕುತ್ತಿಗೆ, ಹೊಟ್ಟೆ ನೋಡುತ್ತಾರೆ. ಎದ್ದು ಕಾಣುವ ಗಾಯ ಕಾಲಿನದು. ಕಾಣದ ಗಾಯ ಬೇರೆ ಇರಬಹುದು. ಆಮೇಲೆ ಬೂಟಿನ ಲೇಸು ಸಡಿಲಿಸಿ, ಬೇಕಾದರೆ ಕತ್ತರಿಸಿ, ಪಾದ ನೋಡುತ್ತಾರೆ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನಿಂದ ಹಿಂದಕ್ಕೆ ಬರುವ ಸಾಲಿನಲ್ಲಿ, ಒಂದು ಸಣ್ಣ ನಾಡಿ ಬಡಿಯುತ್ತದೆ. ಚಳಿಯಲ್ಲಿ ಅದನ್ನು ಹುಡುಕುವುದು ಸುಲಭವಲ್ಲ. ಕೈಗವಸು ತೆಗೆದು, ಬೆರಳು ಬೆಚ್ಚಗೆ ಮಾಡಿಕೊಂಡು, ಒತ್ತದೆ ಇಟ್ಟು ಕಾಯಬೇಕು. ಸಿಕ್ಕ ಕಡೆ ಪೆನ್ನಿನಿಂದ ಗುರುತು ಹಾಕುತ್ತೇವೆ, ಮುಂದಿನವರು ಮತ್ತೆ ಹುಡುಕಬಾರದಲ್ಲ. ಕಾಲ್ಬೆರಳಿನ ಉಗುರು ಒತ್ತಿ ಬಿಟ್ಟು, ಬಣ್ಣ ಎಷ್ಟು ಬೇಗ ತಿರುಗಿ ಬರುತ್ತದೆ ಎಂದು ನೋಡುತ್ತೇವೆ. ಬೆರಳು ಆಡಿಸಿ ಅನ್ನುತ್ತೇವೆ. ನೋವಿಗೆ ಔಷಧಿ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಕಾಲನ್ನು ನೇರ ಮಾಡಿ, ಅಲುಗದಂತೆ ಸ್ಪ್ಲಿಂಟ್ (ಆಧಾರದ ಪಟ್ಟಿ) ಕಟ್ಟುತ್ತೇವೆ. ಕಟ್ಟಿದ ಮೇಲೆ ಗುರುತು ಹಾಕಿದ ಜಾಗದಲ್ಲಿ ಮತ್ತೆ ಬೆರಳಿಡುತ್ತೇವೆ. ನಾಡಿ ಹೋಗಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು. ನಿಮ್ಮ ಅಣ್ಣನ ಪಾದದ ಮೇಲೆ ಪೆನ್ನಿನ ಗುರುತು ಇತ್ತೇ, ಕೇಳಿ ನೋಡಿ.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಘಟನೆ ಇದೆ. 1928ರಲ್ಲಿ ಇಂಗ್ಲೆಂಡಿನ ಲ್ಯಾಡೋ ಎಂಬ ಬಂಡೆಸಾಲಿನಲ್ಲಿ ಒಬ್ಬ ಆರೋಹಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಜೊತೆಯವರು ಕೈಗೆ ಸಿಕ್ಕ ಮರದಿಂದ ಸ್ಟ್ರೆಚರ್ ಮಾಡಿ, ನೋವಿನ ಔಷಧಿಯಿಲ್ಲದೆ, ಗಂಟೆಗಟ್ಟಲೆ ಹೊತ್ತು ತಂದರು. ಕೊನೆಗೆ ಕಾಲು ತೆಗೆಯಬೇಕಾಯಿತು. ಚಿಕಿತ್ಸೆ ಮಾಡಿದ ವಿಲ್ಸನ್ ಹೇ ಎಂಬ ಸರ್ಜನ್, ಬಿದ್ದದ್ದಕ್ಕಿಂತ ಹೊತ್ತು ತಂದ ರೀತಿ ಮತ್ತು ನೋವಿನ ಔಷಧಿ ಇಲ್ಲದ್ದೇ ಹೆಚ್ಚು ಹಾನಿ ಮಾಡಿತು ಎಂದು ತೀರ್ಮಾನಿಸಿದರು. ಆ ಘಟನೆಯ ನಂತರವೇ ಬೆಟ್ಟಕ್ಕೆಂದು ಬೇರೆ ಸ್ಟ್ರೆಚರ್ ತಯಾರಾಯಿತು. ಸ್ವಯಂಸೇವಕರ ಕೈಗೆ ನೋವು ತಗ್ಗಿಸುವ ಮಾರ್ಫಿನ್ ಸಿಗಬೇಕೆಂದು ವಿಲ್ಸನ್ ಹೇ ವರ್ಷಗಟ್ಟಲೆ ಹೋರಾಡಿದರು. ಅನುಮತಿ ಇಲ್ಲದೆ ಹಂಚಿದ್ದಕ್ಕೆ 1949ರಲ್ಲಿ ಕೋರ್ಟಿನಲ್ಲಿ ದಂಡವನ್ನೂ ಕಟ್ಟಿದರು. ಆಮೇಲೆ ಅಲ್ಲಿನ ಸರ್ಕಾರ ರೆಸ್ಕ್ಯೂ ತಂಡಗಳಿಗೆ ಅನುಮತಿ ಕೊಟ್ಟಿತು. ನಿಮ್ಮ ಅಣ್ಣನ ಪಕ್ಕದಲ್ಲಿ ಕಳೆದ ಆ ಗಂಟೆಯ ಹಿಂದೆ ಇಷ್ಟೆಲ್ಲ ಇದೆ.

ಕೈಕಟ್ಟಿ ನಿಂತಿದ್ದವರು ಬಹುತೇಕ ಆ ರಾತ್ರಿಯ ಲೀಡರ್. ಲೀಡರ್ ಗಾಯಾಳುವನ್ನು ಮುಟ್ಟಬಾರದು ಎಂಬುದು ನಮ್ಮಲ್ಲಿ ರೂಢಿ. ಒಮ್ಮೆ ಬಗ್ಗಿ ಬ್ಯಾಂಡೇಜ್ ಕಟ್ಟಲು ಶುರು ಮಾಡಿದರೆ, ಮೇಲಿನಿಂದ ಕಲ್ಲು ಉರುಳುವುದು, ಹವೆ ಬದಲಾಗುವುದು, ತಂಡದಲ್ಲೇ ಯಾರೋ ಸುಸ್ತಾಗಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಕುಳಿತಿದ್ದವರು ಹೊರುವವರು. ಮುಂದಿನ ಐದು ಗಂಟೆಗೆ ಶಕ್ತಿ ಉಳಿಸಿಕೊಳ್ಳುತ್ತಿದ್ದರು.

ಹೊರುವ ಕೆಲಸ ದೂರದಿಂದ ನೋಡಿದವರಿಗೆ ಅರ್ಥವಾಗುವುದು ಕಷ್ಟ. ಒಂದು ಸಲಕ್ಕೆ ಆರರಿಂದ ಎಂಟು ಜನ ಹಿಡಿಯುತ್ತಾರೆ. ಕಾಲುದಾರಿಯ ಅಗಲ ಒಬ್ಬರಿಗೆ ಮಾತ್ರ. ಹಾಗಾಗಿ ಎರಡು ಬದಿಯವರೂ ದಾರಿ ಬಿಟ್ಟು ಕಲ್ಲು, ಪೊದೆ, ಗುಂಡಿಯ ಮೇಲೆ ನಡೆಯುತ್ತಾರೆ, ಅದೂ ಪಾದ ಎಲ್ಲಿಡುತ್ತಿದ್ದೇವೆ ಎಂದು ಕಾಣದೆ. ಕೆಲವೇ ನಿಮಿಷಕ್ಕೆ ಕೈ ಸೋಲುತ್ತದೆ, ಜನ ಬದಲಾಗಬೇಕು. ಕಡಿದಾದ ಕಡೆ ಹಗ್ಗ ಕಟ್ಟಿ, ಆ ಹಗ್ಗ ಕೈಕೊಟ್ಟರೆ ಹಿಡಿಯಲು ಇನ್ನೊಂದು ಹಗ್ಗ ಕಟ್ಟಿ, ಮೇಲಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಅಂಥ ಒಂದೊಂದು ಜಾಗವೂ ಅರ್ಧ ಗಂಟೆ ನುಂಗುತ್ತದೆ. ರಾತ್ರಿ 6 ಕಿಲೋಮೀಟರಿಗೆ ನಾಲ್ಕೂಮುಕ್ಕಾಲು ಗಂಟೆ ನಿಧಾನವಲ್ಲ. ನನ್ನನ್ನು ಕೇಳಿದರೆ ಚುರುಕು ಅನ್ನುತ್ತೇನೆ.

ನಡುಕ ನಿಂತದ್ದು

ಈ ಭಾಗವನ್ನು ದಯವಿಟ್ಟು ನಿಮ್ಮ ಗುಂಪಿನ ಎಲ್ಲರಿಗೂ ಓದಿಸಿ. ನನಗೆ ನಿಮ್ಮ ಪತ್ರದಲ್ಲಿ ಕಾಲಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಇದು.

ನಮ್ಮ ಮೈಯ ಒಳಗಿನ ಶಾಖ ಸುಮಾರು 37 ಡಿಗ್ರಿ. 35ಕ್ಕಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತೇವೆ. ನಡುಕ ಎಂದರೆ ಸ್ನಾಯುಗಳು ಬಡಿದಾಡಿ ಶಾಖ ಹುಟ್ಟಿಸುವುದು. ಅದು ಒಳ್ಳೆಯದು, ದೇಹ ಇನ್ನೂ ಹೋರಾಡುತ್ತಿದೆ ಎಂದು ಅರ್ಥ. ಬೆಚ್ಚಗಾಗಿ ನಡುಕ ನಿಂತರೆ ಸರಿ. ಬೆಚ್ಚಗೆ ಮಾಡಲು ಏನೂ ಇಲ್ಲದಿದ್ದರೂ ನಿಂತಿತು ಅಂದರೆ, ಶಾಖ 32ರ ಆಸುಪಾಸಿಗೆ ಇಳಿದು ದೇಹ ಕೈಚೆಲ್ಲುತ್ತಿದೆ ಎಂಬ ಸೂಚನೆ. ಜೊತೆಗೆ ಮಾತು ತೊದಲುವುದು, ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುವುದು, ‘ನನಗೇನೂ ಚಳಿ ಇಲ್ಲ’ ಅನ್ನುವುದು ಶುರುವಾಗುತ್ತದೆ. ತಂಡದವರು ಗಾಬರಿಯಾದದ್ದು ಅದಕ್ಕೇ. ಗಾಯವಾದವರ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಚಳಿ ಮತ್ತು ಗಾಯ ಒಂದನ್ನೊಂದು ಕೆಡಿಸುತ್ತಾ ಹೋಗುತ್ತವೆ.

ಬ್ರಾಂಡಿ ಕುಡಿದಾಗ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ಶಾಖವನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಮೇಲಾಗಿ ಮದ್ಯ ನಡುಕವನ್ನು ತಗ್ಗಿಸುತ್ತದೆ, ಬುದ್ಧಿಯನ್ನೂ ಮಂಕು ಮಾಡುತ್ತದೆ. ಆಮೇಲೆ ಆ ಮಂಕು ಮದ್ಯದ್ದೋ, ಚಳಿಯದ್ದೋ, ತಲೆಯ ಪೆಟ್ಟಿನದ್ದೋ ಎಂದು ನಮಗೂ ತಿಳಿಯುವುದಿಲ್ಲ. ಸೇಂಟ್ ಬರ್ನಾರ್ಡ್ ನಾಯಿಯ ಕುತ್ತಿಗೆಯ ಬ್ರಾಂಡಿ ಪೀಪಾಯಿ ನೀವೂ ಚಿತ್ರಗಳಲ್ಲಿ ನೋಡಿರುತ್ತೀರಿ. ಆಲ್ಪ್ಸ್‌ನ ಸೇಂಟ್ ಬರ್ನಾರ್ಡ್ ಮಠದ ನಾಯಿಗಳು ಹಿಮದಲ್ಲಿ ಸಿಕ್ಕಿದವರನ್ನು ಹುಡುಕಿದ್ದು ನಿಜ. ಪೀಪಾಯಿ ಮಾತ್ರ 1820ರಲ್ಲಿ ಒಬ್ಬ ಇಂಗ್ಲಿಷ್ ಹುಡುಗ ಬಿಡಿಸಿದ ಚಿತ್ರದಿಂದ ಜನರ ಮನಸ್ಸಿಗೆ ಬಂದದ್ದು. ಉಜ್ಜುವುದೂ ಬೇಡ. ಚರ್ಮಕ್ಕೆ ಗಾಯವಾಗುತ್ತದೆ. ತೀರ ತಣ್ಣಗಾದವರನ್ನು ಕುಲುಕಾಡಿಸಿದರೆ ಹೃದಯದ ಬಡಿತ ತಪ್ಪುವ ಅಪಾಯವೂ ಇದೆ. ನಿಮ್ಮ ಅಣ್ಣನನ್ನು ಅವರು ಮಲಗಿಸಿಯೇ ಇಟ್ಟು, ತಟ್ಟೆಯಲ್ಲಿ ತುಂಬಿದ ನೀರಿನಂತೆ ಅಲುಗಾಡದ ಹಾಗೆ ತಂದದ್ದು ಅದಕ್ಕಾಗಿ.

ಏನು ಮಾಡಬಹುದಿತ್ತು? ಮೊದಲು ಕೆಳಗಿನಿಂದ ಬೆಚ್ಚಗೆ. ಎಲ್ಲರೂ ಮೇಲೆ ಹೊದಿಸುತ್ತಾರೆ, ಅಡಿಯಲ್ಲಿ ತಣ್ಣನೆಯ ಬಂಡೆ ಶಾಖ ಹೀರುತ್ತಲೇ ಇರುತ್ತದೆ. ಬೆನ್ನಿನ ಚೀಲ ಖಾಲಿ ಮಾಡಿ, ಹಗ್ಗ, ಚಾಪೆ, ಒಣ ಹುಲ್ಲು, ಏನಿದೆಯೋ ಅದನ್ನು ಅಡಿಗೆ ಹಾಕಿ. ಮೈಯನ್ನು ಆದಷ್ಟು ಕಡಿಮೆ ಅಲುಗಿಸಿ. ಒಣ ಬಟ್ಟೆ ಇದ್ದು, ಗಾಳಿಯಿಂದ ಮರೆಯಿದ್ದರೆ ಒದ್ದೆ ಬಟ್ಟೆ ಬದಲಿಸಿ. ಇಲ್ಲದಿದ್ದರೆ ಒದ್ದೆಯ ಮೇಲೇ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬೆಚ್ಚನೆಯದು ಹೊದಿಸಿ. ಹೊಳೆಯುವ ತೆಳು ಹಾಳೆಯೊಂದನ್ನೇ ನಂಬಬೇಡಿ, ಅದು ಗಾಳಿಗೆ ಹರಿಯುತ್ತದೆ, ಅಡಿಯ ಚಳಿಯನ್ನೂ ತಡೆಯುವುದಿಲ್ಲ. ತಲೆ ಮುಚ್ಚಿ. ಇಬ್ಬರು ಎರಡು ಬದಿಗೆ ಒತ್ತಿಕೊಂಡು ಕುಳಿತುಕೊಳ್ಳಿ. ಪೂರ್ತಿ ಎಚ್ಚರವಿದ್ದು, ಸರಿಯಾಗಿ ನುಂಗುತ್ತಿದ್ದು, ತಲೆಗೆ ಹೊಟ್ಟೆಗೆ ಪೆಟ್ಟಿಲ್ಲದಿದ್ದರೆ ಸಿಹಿಯಾದದ್ದನ್ನು ಸ್ವಲ್ಪ ಸ್ವಲ್ಪ ಕುಡಿಸಬಹುದು. ನಡುಗಲು ಸಕ್ಕರೆ ಬೇಕು. ಮಂಪರಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಇನ್ನೊಂದು ಮಾತು. ತಣ್ಣಗಾಗಿ ಉಸಿರೇ ಕಾಣದಂತಾದವರನ್ನೂ ನಾವು ಬೆಟ್ಟದ ಮೇಲೆ ಸುಲಭಕ್ಕೆ ‘ಹೋದರು’ ಅನ್ನುವುದಿಲ್ಲ. 1999ರಲ್ಲಿ ನಾರ್ವೆಯಲ್ಲಿ ಹಿಮದಡಿಯ ನೀರಿನಲ್ಲಿ ಸುಮಾರು 80 ನಿಮಿಷ ಸಿಕ್ಕಿಕೊಂಡ ಯುವ ವೈದ್ಯೆಯೊಬ್ಬರ ಮೈಯ ಶಾಖ 13.7 ಡಿಗ್ರಿಗೆ ಇಳಿದಿತ್ತು. ಹೃದಯ ನಿಂತಿತ್ತು. ಗೆಳೆಯರು, ರಕ್ಷಕರು ಎದೆ ಒತ್ತುವುದನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿದರು. ಅವರು ಬದುಕಿದರು, ಮತ್ತೆ ವೈದ್ಯಕೀಯ ಕೆಲಸಕ್ಕೂ ಮರಳಿದರು.

ಸಂಬಳದ ತಂಡವಾಗಿದ್ದರೆ?

ಸ್ವಯಂಸೇವಕರು ಎಂದರೆ ಉತ್ಸಾಹಕ್ಕೆ ಬಂದವರು ಎಂದು ತಿಳಿಯುವುದುಂಟು. ಸಂಘಟಿತ ಬೆಟ್ಟದ ರಕ್ಷಣೆ ಶುರುವಾದದ್ದೇ ಇಂಥವರಿಂದ. 1896ರಲ್ಲಿ ವಿಯೆನ್ನಾ ಹತ್ತಿರದ ರಾಕ್ಸ್ ಬೆಟ್ಟದಲ್ಲಿ ಹಿಮಕುಸಿತಕ್ಕೆ ಮೂವರು ಸತ್ತಾಗ ಅಲ್ಲಿನ ಆರೋಹಿಗಳೇ ಸೇರಿ ತಂಡ ಕಟ್ಟಿದರು. ಇವತ್ತಿಗೂ ಆಸ್ಟ್ರಿಯಾ, ಬ್ರಿಟನ್, ಅಮೆರಿಕದಲ್ಲಿ ಈ ಕೆಲಸದ ಬಹುಪಾಲು ಸ್ವಯಂಸೇವಕರದ್ದೇ. ಫ್ರಾನ್ಸ್ ಮಾತ್ರ ಮಾಂಟ್ ಬ್ಲಾಂಕ್ ದುರಂತದ ನಂತರ, 1958ರಿಂದ, ಇದನ್ನು ಸರ್ಕಾರದ ಕೆಲಸ ಮಾಡಿಕೊಂಡಿತು. ಮಾಂಟ್ ಬ್ಲಾಂಕ್ ಬುಡದ ಶಾಮೊನಿ ಊರಿನಲ್ಲಿ ಹೆಲಿಕಾಪ್ಟರ್ ಪಕ್ಕದಲ್ಲೇ ಕಾದಿರುವ ಪೊಲೀಸ್ ತಂಡ ಒಳ್ಳೆಯ ಹವೆಯಲ್ಲಿ ನಿಜಕ್ಕೂ ಬೇಗ ಬರುತ್ತದೆ, ಅದನ್ನು ಒಪ್ಪಬೇಕು. ಆದರೆ ಮೋಡ ಮುಚ್ಚಿದರೆ ಅವರೂ ನಡೆದೇ ಹೋಗಬೇಕು, ನೈಸ್ಮಿತ್ ಲೆಕ್ಕ ಅವರಿಗೂ ಅದೇ. ನಿಮ್ಮ ಅಣ್ಣನ ವಿಷಯದಲ್ಲಿ ಸಂಬಳದ ತಂಡ ಸೇರಿಕೊಳ್ಳುವ ಹೊತ್ತಿನಲ್ಲಿ ಅರ್ಧ ಮುಕ್ಕಾಲು ಗಂಟೆ ಉಳಿಸಬಹುದಿತ್ತು. ಹೊರಲು ಬೇಕಾದ ಅಷ್ಟೊಂದು ಕೈಗಳನ್ನು ಯಾವ ಊರಿನಲ್ಲೂ ಸಂಬಳ ಕೊಟ್ಟು ಕೂರಿಸಿಕೊಳ್ಳುವುದು ಕಷ್ಟ.

ತರಬೇತಿಯ ಬಗ್ಗೆ ಸಂಶಯ ಬೇಡ. ಹೊಸಬರು ತಿಂಗಳುಗಟ್ಟಲೆ, ಅನೇಕ ಕಡೆ ಒಂದು ವರ್ಷಕ್ಕಿಂತ ಹೆಚ್ಚು, ಪರೀಕ್ಷೆಯ ಮೇಲಿರುತ್ತಾರೆ. ರಾತ್ರಿ ನಕಾಶೆ ನೋಡಿ ನಡೆಯುವುದು, ಹಗ್ಗದ ಕೆಲಸ, ಗಾಯಾಳುವಿನ ಆರೈಕೆ ಎಲ್ಲದಕ್ಕೂ ಅಭ್ಯಾಸ ನಡೆಯುತ್ತಲೇ ಇರುತ್ತದೆ. ಅವರಿಗೆ ಮೊದಲು ಕಲಿಸುವುದು ತಮ್ಮ ಸುರಕ್ಷತೆ, ಆಮೇಲೆ ಜೊತೆಯವರದ್ದು, ಆಮೇಲೆ ಗಾಯಾಳುವಿನದ್ದು. ಕೇಳಲು ಕಟುವಾಗಿದೆ, ಗೊತ್ತು. ಆದರೆ ಓಡುತ್ತಾ ಬಂದ ರಕ್ಷಕ ಬಿದ್ದರೆ ಇರುವ ಒಂದೇ ಸ್ಟ್ರೆಚರಿಗೆ ಇಬ್ಬರಾಗುತ್ತಾರೆ.

ಇನ್ನೊಮ್ಮೆ ಹೀಗಾದರೆ

ನೀವೇ ಹೊತ್ತು ತರುವುದಕ್ಕೆ ನಾನು ಒಪ್ಪುವುದಿಲ್ಲ. ಗೆಳೆಯ ಓಡಿದ ಮೇಲೆ ಉಳಿದವರು ಮೂವರು. ಮೂವರಿಗೆ ಒಂದು ಕಿಲೋಮೀಟರ್ ಹೊರುವುದೂ ಆಗುವುದಿಲ್ಲ. ಒಳಗೇ ಇದ್ದ ಮುರಿದ ಮೂಳೆ ಚರ್ಮ ಸೀಳಿ ಹೊರಬರಬಹುದು, ಹೊರುವವರು ಜಾರಬಹುದು, ತಂಡ ನೀವು ಹೇಳಿದ ಜಾಗಕ್ಕೆ ಬಂದಾಗ ನೀವು ಅಲ್ಲಿರುವುದಿಲ್ಲ. ಕಲ್ಲು ಉರುಳುತ್ತಿದ್ದರೆ, ನೀರು ಏರುತ್ತಿದ್ದರೆ, ಸಿಡಿಲು ಹೊಡೆಯುತ್ತಿದ್ದರೆ ಮಾತು ಬೇರೆ. ಆಗ ಅಪಾಯ ತಪ್ಪುವಷ್ಟು ದೂರ ಮಾತ್ರ ಸರಿಸಿ, ಅಲ್ಲೇ ನಿಲ್ಲಿ. ಕೈಗೋ ಬೆರಳಿಗೋ ಪೆಟ್ಟಾಗಿ ನಡೆಯಬಲ್ಲವರು ಬೆಳಕಿರುವಾಗ ನಿಧಾನವಾಗಿ ಇಳಿಯಬಹುದು. ಕಾಲು ಮುರಿದವರು ಹಾಗಲ್ಲ.

ಐದು ಜನರಿದ್ದರೆ ಇಬ್ಬರನ್ನು ಕಳಿಸಿ, ಇಬ್ಬರು ಗಾಯಾಳುವಿನ ಹತ್ತಿರ ಉಳಿಯಲಿ. ಒಬ್ಬನೇ ಓಡುವುದು ಅಪಾಯ. ಅವನೂ ಬಿದ್ದರೆ ಯಾರಿಗೂ ಸುದ್ದಿ ಮುಟ್ಟುವುದಿಲ್ಲ, ಮೇಲಿರುವವರು ತಂಡ ಬರುತ್ತದೆ ಎಂದು ಕಾಯುತ್ತಲೇ ಇರುತ್ತಾರೆ. ಹೋಗುವವರ ಕೈಗೆ ಚೀಟಿ ಕೊಡಿ. ಜಾಗ, ಬಿದ್ದ ಸಮಯ, ಏನಾಗಿದೆ, ವಯಸ್ಸು, ಎಷ್ಟು ಜನ, ಮೈಮೇಲಿನ ಬಟ್ಟೆಯ ಬಣ್ಣ. ಓಡಿ ಬಂದ ಉಸಿರಿನಲ್ಲಿ ಇದೊಂದೂ ನೆನಪಿರುವುದಿಲ್ಲ. ಹೊರಡುವ ಮೊದಲು ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಮೆಸೇಜ್ ಹೋಗುತ್ತದೆಯೇ ನೋಡಿ. ಮಾತು ಹೋಗದ ಕಡೆ ಎಷ್ಟೋ ಸಲ ಅಕ್ಷರ ಹೋಗುತ್ತದೆ. ತುರ್ತು ನಂಬರಿಗೆ ಮೆಸೇಜ್ ಕಳಿಸುವ ಸೌಲಭ್ಯ ಇಲ್ಲದ ಕಡೆ ಮನೆಯವರಿಗೆ ಕಳಿಸಿ, ಅವರು ಫೋನ್ ಮಾಡಲಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುತ್ತದೆ, ಮೈಗೆ ತಾಗುವಂತೆ ಒಳಜೇಬಿನಲ್ಲಿಡಿ.

ಉಳಿದವರು ಗುರುತು ಕೊಡುತ್ತಿರಬೇಕು. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. 1894ರಿಂದ ಆರೋಹಿಗಳಲ್ಲಿ ಇರುವ ಸಂಕೇತ ಇದು. ಉತ್ತರ ಬರುವುದು ನಿಮಿಷಕ್ಕೆ ಮೂರರಂತೆ. ಉತ್ತರ ಬಂತೆಂದು ನಿಲ್ಲಿಸಬೇಡಿ, ಅವರು ನಿಮ್ಮನ್ನು ಮುಟ್ಟುವವರೆಗೂ ಮಾಡುತ್ತಿರಿ. ಗಂಟಲು ಕೂಗಿ ಕೂಗಿ ಕಟ್ಟುತ್ತದೆ, ಸೀಟಿಗೆ ಸುಸ್ತಿಲ್ಲ.

ಉಪಗ್ರಹಕ್ಕೆ ನೇರ ಸಂಕೇತ ಕಳಿಸುವ ಸಣ್ಣ ಸಾಧನಗಳಿವೆ, ಕೆಲವು ಹೊಸ ಫೋನುಗಳಲ್ಲೂ ಆ ಸೌಲಭ್ಯವಿದೆ. ಅದಿದ್ದಿದ್ದರೆ ನಿಮ್ಮ ಸುದ್ದಿ 4.45ರ ಬದಲು 3.40ಕ್ಕೇ ಹೋಗುತ್ತಿತ್ತು, ಜಾಗದ ಸಮೇತ. ಆದರೆ ಎಲ್ಲ ದೇಶದಲ್ಲೂ ಇವು ಕೆಲಸ ಮಾಡುವುದಿಲ್ಲ, ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ. ವಿಚಾರಿಸಿ ಕೊಳ್ಳಿ. ಇನ್ನು ಖರ್ಚು. ಕೆಲವು ದೇಶಗಳಲ್ಲಿ ರಕ್ಷಣೆಗೆ ಹಣ ಕೇಳುವುದಿಲ್ಲ, ಕೆಲವು ಕಡೆ ಬಿಲ್ ಬರುತ್ತದೆ. ಅಂಥ ಕಡೆ ಹೋಗುವ ಮೊದಲು ವಿಮೆ ಮಾಡಿಸಿ. ಬಿಲ್ಲಿಗೆ ಹೆದರಿ ಫೋನ್ ಮಾಡುವುದನ್ನು ತಡ ಮಾಡಿದವರನ್ನು ಕತ್ತಲಾದ ಮೇಲೆ ಹುಡುಕುವುದು ನಮಗೂ ಕಷ್ಟ, ಅವರಿಗೂ ಅಪಾಯ.

ಅಣ್ಣ ಮತ್ತೆ ಹೋಗಬಹುದೇ ಎಂದರೆ, ಮೂಳೆ ಕೂಡಿದೆ ಎಂದು ಅವರ ವೈದ್ಯರು ಹೇಳಿದ ಮೇಲೆ, ಇಳಿಜಾರಿನಲ್ಲಿ ಕಾಲಿಗೆ ಬಲ ಬಂದ ಮೇಲೆ, ಯಾಕೆ ಬೇಡ? ಸೀಟಿ, ಹೆಡ್‌ಲ್ಯಾಂಪ್, ಅಡಿಗೆ ಹಾಸುವ ಚಾಪೆ, ಎಲ್ಲರೂ ಒಳಗೆ ಕೂರುವಂಥ ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಹೋಗಲಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನಸ್ಸಿನಲ್ಲಿ ಆ ರಾತ್ರಿಯ ಬಗ್ಗೆ ಪ್ರಶ್ನೆ ಉಳಿದಿದ್ದರೆ ಆ ತಂಡಕ್ಕೇ ಪತ್ರ ಬರೆಯಿರಿ. ಯಾವುದೇ ಒಳ್ಳೆಯ ತಂಡ ಪ್ರತಿ ಕರೆಯ ದಾಖಲೆ ಇಡುತ್ತದೆ. ಎಷ್ಟು ಹೊತ್ತಿಗೆ ಕರೆ ಬಂತು, ಯಾರು ಎಷ್ಟಕ್ಕೆ ಹೊರಟರು, ಹೆಲಿಕಾಪ್ಟರ್ ಕೇಳಿದ್ದೇವೆಯೇ, ಏನು ಉತ್ತರ ಬಂತು, ಗಾಯಾಳುವಿಗೆ ಎಷ್ಟಕ್ಕೆ ಯಾವ ಔಷಧಿ ಕೊಟ್ಟೆವು ಎಲ್ಲವೂ ಅದರಲ್ಲಿರುತ್ತದೆ. ದೂರು ಎಂದು ಹೆದರಿ ಸುಮ್ಮನಿರಬೇಡಿ. ಗಾಯಾಳುವಿನ ಮನೆಯವರು ಬಂದು ಕೇಳಿದಾಗ ನಾವು ನಕಾಶೆ ಹರಡಿಕೊಂಡು ಜೊತೆಗೆ ಕೂರುತ್ತೇವೆ. ಸಾಧ್ಯವಾದರೆ ಅಣ್ಣನನ್ನೂ, ಫೋನ್ ಮಾಡಿದ ಆ ಗೆಳೆಯನನ್ನೂ ಕರೆದುಕೊಂಡು ಹೋಗಿ.